ಹಂತಗಳಿಗಿಂತ ಮೊದಲು

ಬಳ್ಳಾರಿ

ಚಿರಂಜೀವಿ ಸುಮಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಎರಡು ದಿನದ ತರಬೇತಿಯಲ್ಲಿ ಡಿಸೈನ್ ಥಿಂಕಿಂಗಿನ, ಅಂದರೆ ವಿನ್ಯಾಸಕಾರರಂತೆ ಯೋಚಿಸಿ ಸಮಸ್ಯೆ ಬಿಡಿಸುವ ವಿಧಾನದ, ಐದು ಹಂತಗಳನ್ನು ಕಲಿತೆನೆಂದೂ, ಇನ್ನು ಎಂಥ ಸಮಸ್ಯೆಯನ್ನಾದರೂ ಅದೇ ಕ್ರಮದಲ್ಲಿ ಬಿಡಿಸಬಲ್ಲೆನೆಂದೂ ಬರೆದಿರುವೆ. ನಿನ್ನ ಉತ್ಸಾಹ ಕಂಡು ಸಂತೋಷವಾಯಿತು. ಆದರೆ ಆ ಹಂತಗಳು ಎಲ್ಲಿಂದ ಬಂದವೆಂಬುದನ್ನೂ ನೀನು ತಿಳಿಯಬೇಕು.

ವಿನ್ಯಾಸವನ್ನು ವಿಜ್ಞಾನದಂತೆ ಕ್ರಮಕ್ಕೆ ಒಗ್ಗಿಸಬಹುದೆಂಬ ನಂಬಿಕೆಯಿಂದಲೇ 1962ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ವಿನ್ಯಾಸ ವಿಧಾನಗಳ ಸಮ್ಮೇಳನ ನಡೆಯಿತು. ಇರುವ ಸ್ಥಿತಿಯನ್ನು ಬೇಕಾದ ಸ್ಥಿತಿಗೆ ತರುವ ದಾರಿಯನ್ನು ಯೋಚಿಸುವವರೆಲ್ಲರೂ ವಿನ್ಯಾಸಕಾರರೇ ಎಂದು 1969ರಲ್ಲಿ ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ ಹೇಳಿದರು. ವಿನ್ಯಾಸವನ್ನು ಕ್ರಮಕ್ಕೆ ಒಗ್ಗಿಸಬಹುದೆಂಬ ಆ ನಂಬಿಕೆಗೆ ಪೆಟ್ಟು ಬಿದ್ದದ್ದು 1973ರಲ್ಲಿ. ನಗರ ಯೋಜನೆಯಂಥ ಕೆಲಸಗಳಲ್ಲಿ ಸಮಸ್ಯೆ ಇಂಥದ್ದೇ ಎಂದು ಮೊದಲೇ ಪೂರ್ತಿ ಹೇಳಲಾಗದು, ಪರಿಹಾರಕ್ಕೆ ಕೈಹಾಕಿದಾಗಲೇ ಅದರ ರೂಪ ಕಾಣುತ್ತ ಹೋಗುತ್ತದೆ ಎಂದು ಹೋರ್ಸ್ಟ್ ರಿಟೆಲ್ ಮತ್ತು ಮೆಲ್ವಿನ್ ವೆಬ್ಬರ್ ಎಂಬ ಪ್ರಾಧ್ಯಾಪಕರು ವಾದಿಸಿದರು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳ ಮಾತು ಇದೇ. ಆಮೇಲೆ ವಿನ್ಯಾಸ ಸಂಶೋಧಕ ನೈಜೆಲ್ ಕ್ರಾಸ್ 1982ರಲ್ಲಿ ವಿನ್ಯಾಸಕಾರರಿಗೆ ತಮ್ಮದೇ ಆದ ತಿಳಿವಿನ ಬಗೆಯಿದೆಯೆಂದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವೂ ಐಡಿಯೋ ಎಂಬ ವಿನ್ಯಾಸ ಸಂಸ್ಥೆಯೂ ಈ ವಿಚಾರವನ್ನು ವ್ಯಾಪಾರದ ಜಗತ್ತಿಗೆ ಮುಟ್ಟಿಸಿದವು. ನಿನ್ನ ಐದು ಹಂತಗಳು ಈ ಕೊನೆಯ ಅಧ್ಯಾಯದವು.

ರಿಟೆಲ್ಲರ ಮಾತು ನನಗೆ ಅರ್ಥವಾದದ್ದು ನಮ್ಮ ಜೀನ್ಸ್ ಹೊಲಿಯುವ ಘಟಕದಲ್ಲಿ. ದಾರ ಕತ್ತರಿಸುವ ಹೆಣ್ಣುಮಕ್ಕಳು ದಿನವಿಡೀ ನೆಲದ ಮೇಲೆ ಕುಳಿತು ಬೆನ್ನುನೋವು ಪಡುತ್ತಾರೆಂದು ಮರುಗಿ, ಅವರನ್ನು ಒಂದು ಮಾತೂ ಕೇಳದೆ ಮೇಜು ಕುರ್ಚಿ ಮಾಡಿಸಿದೆ. ವಾರದೊಳಗೆ ಎಲ್ಲರೂ ಮತ್ತೆ ನೆಲಕ್ಕೇ ಬಂದರು. ನೀಲಿ ಬಟ್ಟೆಯ ಮೇಲಿನ ನೀಲಿ ದಾರ ಕಾಣಬೇಕಾದರೆ ಬಾಗಿಲ ಬೆಳಕು ಬೇಕು, ಆ ಬೆಳಕು ಬೀಳುವುದು ನೆಲದ ಮೇಲೆ, ಬೆನ್ನು ಬಾಗುವುದು ಆ ಬೆಳಕಿಗಾಗಿಯೇ ಎಂದು ಅವರಲ್ಲಿ ಹಿರಿಯಳಾದವಳು ತಿಳಿಸಿದಳು. ನಾನು ಬೆನ್ನನ್ನು ನೋಡಿದ್ದೆ, ಕಣ್ಣನ್ನು ನೋಡಿರಲಿಲ್ಲ.

ನಮ್ಮ ದೇಶಕ್ಕೆ ಬಂದ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರಕ್ಕೆ ಕೊಟ್ಟ 1958ರ ವರದಿಯಲ್ಲಿ ನಮ್ಮ ತಂಬಿಗೆಯನ್ನು ಮನಸಾರೆ ಹೊಗಳಿದ್ದಾರೆ. ಅದನ್ನು ತಲೆಯ ಮೇಲೆ ಹೊರುವರೋ ಸೊಂಟದಲ್ಲೋ, ತುಂಬಿದಾಗ ತೂಕ ಹೇಗೆ ನಿಲ್ಲುತ್ತದೆ, ಸುರಿದಾಗ ನೀರು ಹೇಗೆ ಬೀಳುತ್ತದೆ ಎಂದು ಅವರು ಎತ್ತಿದ ಪ್ರಶ್ನೆಗಳನ್ನು, ನೋಡುವುದು ಹೇಗೆಂದು ಕಲಿಯಲು, ನಿಧಾನವಾಗಿ ಓದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಆ ವರದಿಯ ಬೆನ್ನಿಗೆ, 1961ರಲ್ಲಿ.

ದಸರಾ ರಜೆಗೆ ಇಲ್ಲಿಗೆ ಬಾ. ಈಗ ಪ್ರತಿಯೊಬ್ಬರ ಮೇಜಿನ ಮೇಲೂ ದೀಪವಿದೆ; ಆದರೂ ಇಬ್ಬರು ಇನ್ನೂ ನೆಲದಲ್ಲೇ ಕೂಡುತ್ತಾರೆ. ಹಾಳೆ ಪೆನ್ಸಿಲ್ ತೆಗೆಯದೆ ನಾಲ್ಕು ದಿನ ಅವರ ಪಕ್ಕದಲ್ಲಿ ಕುಳಿತು ದಾರ ಕತ್ತರಿಸು, ಕಾರಣವೇನೆಂದು ಆಮೇಲೆ ನನಗೆ ಹೇಳು.

ಇಂತಿ,
ನಿನ್ನ ಸೋದರಮಾವ