ಭಾನುವಾರದ ಸೈಕಲ್ ಸವಾರಿ: ಕಂದವಾರ ಕೆರೆಯಿಂದ ನಂದಿ ಗ್ರಾಮಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 5.45ಕ್ಕೆ ಚಿಕ್ಕಬಳ್ಳಾಪುರದ ಕಂದವಾರ ಕೆರೆಯ ಬಳಿ ಸೇರಿ, ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿಯ ಮೂಲಕ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದವರೆಗೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುವುದೆಂದು ನಿಶ್ಚಯಿಸಲಾಗಿದೆ. 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ಈ ಬಾರಿ ಹತ್ತುವುದಿಲ್ಲ. ವಾರಾಂತ್ಯದ ಮುಂಜಾನೆ ಆ ರಸ್ತೆಯಲ್ಲಿ ಕಾರು, ಬೈಕುಗಳ ಸಾಲೇ ಇರುವುದರಿಂದ ಹೊಸಬರಿಗೆ ಅದು ಕ್ಷೇಮವಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ದ್ರಾಕ್ಷಿ ತೋಟ, ಹಿಪ್ಪುನೇರಳೆ ಹೊಲಗಳ ನಡುವಿನ ಈ ದಾರಿಯಲ್ಲಿ ಏರಿಳಿತಗಳಿವೆ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಿ; ಪೆಡಲಿನ ಮೇಲೆ ಪೂರ್ತಿ ಭಾರ ಬಿದ್ದ ಮೇಲೆ ಬದಲಿಸಹೋದರೆ ಚೈನ್ ಕಳಚುವ ಸಂಭವ ಹೆಚ್ಚು. ಒಕ್ಕಣೆಯ ಕಾಲವಾದ್ದರಿಂದ ರೈತರು ಅಲ್ಲಲ್ಲಿ ರಸ್ತೆಯ ಮೇಲೆಯೇ ರಾಗಿ, ಹುರುಳಿ ಹರಡಿರುತ್ತಾರೆ. ಹುರುಳಿ ಬಳ್ಳಿ ಹಿಂದಿನ ಚಕ್ರದ ಹಲ್ಲುಗಳಿಗೆ ಸುತ್ತಿಕೊಂಡರೆ ಸೈಕಲ್ ಥಟ್ಟನೆ ನಿಂತುಬಿಡುತ್ತದೆ, ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಟೈರು ಜಾರುತ್ತದೆ. ಅಂಥಲ್ಲಿ ದಯವಿಟ್ಟು ಇಳಿದು, ಕಾಳು ತುಳಿಯದೆ ಅಂಚಿನಲ್ಲಿ ನಡೆದು ದಾಟಿ.

ಕಂದವಾರ ಕೆರೆಗೆ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿತ ಕೊಳಚೆ ನೀರನ್ನು ಹರಿಸಲಾಗುತ್ತಿರುವುದರಿಂದ ಅಲ್ಲಿ ಬಾಟಲಿ ತುಂಬಿಸಿಕೊಳ್ಳುವುದು ಬೇಡ. ಕುಡಿಯುವ ನೀರನ್ನು ಮನೆಯಿಂದಲೇ ತನ್ನಿ. ಹೆಲ್ಮೆಟ್ ಮತ್ತು ಹಿಂಬದಿಯ ಕೆಂಪು ದೀಪ ಕಡ್ಡಾಯ. ಬರುವವರು ಶನಿವಾರ ಸಂಜೆಯೊಳಗೆ ಇದೇ ಗುಂಪಿನಲ್ಲಿ ತಿಳಿಸಬೇಕಾಗಿ ಕೋರಿಕೆ.