ತೈಪೇನೂ ಒಂದು ಟೀಮಾ?

ಮಾದಾಪುರ, ಕೊಡಗು
ಡಿಸೆಂಬರ್ 2025

ಚಿನ್ನೂ,

ನಿನ್ನೆ ಫೋನಿನಲ್ಲಿ ನಿನ್ನ ಮಾತು ಕೇಳಿ ನಕ್ಕು ಸುಮ್ಮನಾದೆ. ನಿನ್ನಮ್ಮ ಪಕ್ಕದಲ್ಲೇ ಇದ್ದಳು, ಅವಳೆದುರು ನಿನ್ನನ್ನು ಬೈಯಲು ಮನಸ್ಸಾಗಲಿಲ್ಲ. ಅದಕ್ಕೇ ಈ ಕಾಗದ. ಕಾಫಿ ಕೊಯ್ಲು ಶುರುವಾಗಿದೆ. ಕಣದ ಬದಿಯಲ್ಲಿ ಕೂತು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ.

ಢಾಕಾದಲ್ಲಿ ನಮ್ಮ ಹುಡುಗಿಯರು ಫೈನಲಿನಲ್ಲಿ ಚೈನೀಸ್ ತೈಪೇಯನ್ನು, ಅಂದರೆ ತೈವಾನಿನವರನ್ನು ಸೋಲಿಸಿ ಕಬಡ್ಡಿ ವಿಶ್ವಕಪ್ ಗೆದ್ದ ಮಾತು ಬಂದಾಗ ನೀನಂದೆ: "ತೈಪೇನೂ ಒಂದು ಟೀಮಾ ದೊಡ್ಡಮ್ಮ? ಸ್ಟೇಟ್ ಕ್ಯಾಂಪಿಗೆ ಸೆಲೆಕ್ಟ್ ಆಗೋದೇ ಕಷ್ಟ. ಇಂಡಿಯಾ ಜರ್ಸಿ ಸಿಕ್ಕಿಬಿಟ್ಟರೆ ಚಿನ್ನ ಗ್ಯಾರಂಟಿ."

ಆ ಫೈನಲ್ 35–28 ಕಣೇ. ಏಳೇ ಪಾಯಿಂಟು. ಇಡೀ ಟೀಮು ಔಟಾಗುವ ಒಂದು ಲೋನಾ, ಎರಡು ರೈಡು ಆಚೀಚೆ ಆಗಿದ್ದರೆ ಕಪ್ ಅವರದ್ದು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದೇ ತೈಪೇ ಮೊದಲ ಪಂದ್ಯದಲ್ಲಿ ನಮ್ಮನ್ನು 34–34ಕ್ಕೆ ಕಟ್ಟಿಹಾಕಿತ್ತು. ಫೈನಲ್ 26–25. ಭಾರತಕ್ಕೆ ನೂರನೇ ಪದಕ ಅಂತ ಊರೆಲ್ಲ ಕುಣಿಯಿತು, ನಾನೂ ಕುಣಿದೆ. ರಾತ್ರಿ ಮಲಗಿದ ಮೇಲೆ ಎದೆ ಡವಗುಟ್ಟಿತು. ಒಂದೇ ಒಂದು ಪಾಯಿಂಟು!

2018ರಲ್ಲಿ ಗುಡ್ಡ ಜರಿದದ್ದು ನಿನಗೆ ನೆನಪಿದೆ, ಕಬಡ್ಡಿ ನೆನಪಿರಲಿಕ್ಕಿಲ್ಲ. ನಾವೆಲ್ಲ ಪರಿಹಾರ ಕೇಂದ್ರದಲ್ಲಿದ್ದೆವು. ಯಾರೋ ಬಿಟ್ಟುಹೋದ ಪೇಪರಿನ ಮೊದಲ ಪುಟದ ತುಂಬ ನಮ್ಮ ಕೊಡಗಿನ ಕೆಸರು. ನೋಡಲಾರದೆ ಹಾಳೆ ಮಗುಚಿದರೆ ಕ್ರೀಡಾಪುಟದಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್: ಇರಾನ್ 27, ಭಾರತ 24. 2010, 2014 ಎರಡೂ ಸಲದ ಚಿನ್ನ ನಮ್ಮದೇ ಆಗಿತ್ತು. ಮೂರನೆಯದೂ ಬಂದೇ ಬರುತ್ತದೆ ಅಂತ ನಾನೂ ನಿನ್ನ ಹಾಗೇ ಅಂದುಕೊಂಡಿದ್ದೆ. ಇರಾನಿನ ಹುಡುಗಿಯರನ್ನು ತಯಾರು ಮಾಡಿದ ಕೋಚ್ ಯಾರು ಗೊತ್ತಾ? ನಾಸಿಕ್‌ನ ಶೈಲಜಾ ಜೈನ್. ಪ್ರಾಣಾಯಾಮವನ್ನೂ ಕಲಿಸಿದ್ದರಂತೆ. ನಮ್ಮವರು ಹೋಗಿ ಅವರಿಗೆ ಕಲಿಸಿದರಲ್ಲ ಅಂತ ಆಗ ಹೊಟ್ಟೆ ಉರಿದಿತ್ತು, ಸುಳ್ಳು ಯಾಕೆ ಹೇಳಲಿ. ಈಗ ಹಾಗನ್ನಿಸುವುದಿಲ್ಲ. ಆಡುವವರು ಹೆಚ್ಚಾದರೆ ತಾನೇ ಆಟಕ್ಕೆ ಬೆಲೆ.

ಇನ್ನು ನಿನ್ನ ವಿಷಯ. ಹಾಸ್ಟೆಲಿನ ಪ್ರಾಕ್ಟೀಸ್ ಮ್ಯಾಚಿನ ವೀಡಿಯೋ ಮೂರು ಸಲ ನೋಡಿದೆ. ಲೆಫ್ಟ್ ಕಾರ್ನರಿನಲ್ಲಿ ನಿಂತ ನೀನು ಆ ಕುಳ್ಳಗಿನ ರೈಡರನ್ನು ಕಂಡು ಸರಿಯಾಗಿ ಬಗ್ಗಲೂ ಇಲ್ಲ. ಅವಳು ಕಾಲು ಚಾಚಿದ್ದೇ ತಡ, ಹಾರಿದೆ. ಚಾಚಿದ ಕಾಲಿನಲ್ಲಿ ಮೈಭಾರ ಇರುವುದಿಲ್ಲ, ಸರಕ್ಕನೆ ಎಳೆದುಕೊಂಡು ಹೋಗುತ್ತಾಳೆ. ಊರಿದ ಕಾಲಿನ ಹರಡು ಹಿಡಿಯಬೇಕು. ನೀನು ಚಿಕ್ಕವಳಿದ್ದಾಗ ಸಂಜೆ ಹಿತ್ತಲಲ್ಲಿ ಕೋಳಿ ಹಿಡಿಯಲು ಹೋಗಿ ಹೀಗೇ ಬೋರಲು ಬೀಳುತ್ತಿದ್ದೆ. ಅಜ್ಜಿ ಹೇಗೆ ಹಿಡಿಯುತ್ತಿದ್ದರು? ನುಚ್ಚು ಚೆಲ್ಲಿ, ಅತ್ತ ಎಲ್ಲೋ ನೋಡುತ್ತಾ ನಿಲ್ಲುತ್ತಿದ್ದರು. ಅದು ಕುತ್ತಿಗೆ ಬಗ್ಗಿಸಿದ ಮೇಲೆಯೇ ಕೈ ಹೋಗುತ್ತಿದ್ದದ್ದು. ಕೋಳಿಯನ್ನೇ ಅಷ್ಟು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದರು ಅವರು.

ನಾನು ಆಡಿದ್ದು ಬರೀ ಮಣ್ಣಿನಲ್ಲಿ, ಸುಣ್ಣದ ಗೆರೆ ಎಳೆದು. ಒಮ್ಮೆ ಹೋಬಳಿ ಮಟ್ಟದಲ್ಲಿ ಎದುರು ಟೀಮಿನವರ ಬಣ್ಣ ಹೋದ ಬನಿಯನ್ ನೋಡಿ ನಕ್ಕಿದ್ದೆವು. ಎರಡು ಲೋನಾ ತಿಂದು ಮನೆಗೆ ಬಂದೆವು. ದಾರಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಕೊಡಗಿನವಳಾಗಿ ಹಾಕಿ ಆಡುವುದು ಬಿಟ್ಟು ಇದೇನು ಅಂತ ನೆಂಟರು ಕೇಳುತ್ತಲೇ ಇರುತ್ತಾರೆ, ಅದನ್ನು ತಲೆಗೆ ಹಾಕಿಕೊಳ್ಳಬೇಡ. ಉಗುರು ಮಾತ್ರ ಕತ್ತರಿಸಿಕೋ, ವೀಡಿಯೋದಲ್ಲೇ ಕಾಣುತ್ತಿತ್ತು. ಮ್ಯಾಚಿಗೆ ಮುಂಚೆ ರೆಫ್ರಿ ಹೇಳುವವರೆಗೂ ಕಾಯಬೇಕಾ?

ಶನಿವಾರ ನಿನ್ನಮ್ಮ ಬರುತ್ತಾಳೆ. ಹೊಸ ನೀಕ್ಯಾಪ್, ಒಂದು ಬಾಟಲಿ ಜೇನು, ಒಂದು ಚೀಲ ಕಿತ್ತಳೆ ಕಳಿಸುತ್ತಿದ್ದೇನೆ. ಕಿತ್ತಳೆ ರೂಮಿನವರಿಗೆಲ್ಲ ಹಂಚು, ಆ ಕುಳ್ಳಗಿನ ಹುಡುಗಿಗೂ ಕೊಡು. ಅಷ್ಟು ಬೇಗ ಕಾಲು ಎಳೆದುಕೊಳ್ಳುವುದು ಹೇಗೆ ಅಂತ ಅವಳನ್ನೇ ಕೇಳಿ, ನನಗೂ ಬರೆ.

ನಿನ್ನ
ದೊಡ್ಡಮ್ಮ