ಸಿಂಧುಗೆ, ಆ ಒಂದು ಸಾಲಿನ ಬಗ್ಗೆ

ಚಿ. ಸಿಂಧುಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಬಂತು. ಮಲ್ಟಿಪಲ್ ಸ್ಕ್ಲೀರೋಸಿಸ್, ಅಂದರೆ ನರದ ಎಳೆಗಳ ಹೊದಿಕೆ ಹಾಳಾಗುವ ಕಾಯಿಲೆ ಅಂತ ಗೊತ್ತಾಗಿದ್ದು, ಸ್ಟೀರಾಯ್ಡ್ ಡ್ರಿಪ್, ಎಂಆರ್‌ಐ ಎಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅದನ್ನು ಕೆದಕುವುದಿಲ್ಲ. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, "ಹೊದಿಕೆ ಹೋದರೆ ಮತ್ತೆ ಬರಬಹುದಂತೆ ಮಾವ, ಒಳಗಿನ ಎಳೆ ಹೋದರೆ ಬರಲ್ಲವಂತೆ. ನನಗೆ ಗೊತ್ತಾಗದ ಹಾಗೇ ಅದು ಹೋಗ್ತಾ ಇದ್ದರೆ?" ಅಂತ. ಎರಡು ರಾತ್ರಿಯಿಂದ ಆ ಸಾಲೇ ತಲೆಯಲ್ಲಿ ಸುತ್ತುತ್ತಿದೆ.

ಸುಳ್ಳು ಹೇಳಿ ಸಮಾಧಾನ ಮಾಡಲು ನನಗೆ ಬರುವುದಿಲ್ಲ. ನೀನು ಓದಿದ್ದು ನಿಜ. ಮಿದುಳು, ಬೆನ್ನುಹುರಿಯೊಳಗೆ ತುಂಡಾದ ನರದ ಎಳೆ ಮತ್ತೆ ಬೆಳೆದು ಕೂಡಿಕೊಳ್ಳುವುದಿಲ್ಲ.

31 ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದೆ. ಆ ಹೊದಿಕೆ, ಅಂದರೆ ಮಯಲಿನ್, ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಇದ್ದ ಹಾಗೆ ಅಂತ ಹೇಳಿ, ಬೋರ್ಡಿನ ಮೇಲೆ ಚಿತ್ರ ಬರೆದು ಮುಂದೆ ಹೋಗುತ್ತಿದ್ದೆ. ನಿನಗೂ ಹಾಗೇ ಹೇಳಿಕೊಟ್ಟಿದ್ದೆ, ಅಲ್ವಾ? ಅದು ಅರ್ಧ ಪಾಠ ಕಣಮ್ಮ. ಪ್ಲಾಸ್ಟಿಕ್ಕಿಗೆ ಜೀವ ಇಲ್ಲ. ಮಯಲಿನ್‌ಗೆ ಇದೆ. ಆಲಿಗೊಡೆಂಡ್ರೊಸೈಟ್ ಅನ್ನುವ ಒಂದೊಂದು ಜೀವಕೋಶ ಕೈ ಚಾಚಿ ಹತ್ತಾರು ಎಳೆಗಳಿಗೆ ಸುತ್ತು ಹಾಕುತ್ತದೆ. ಅದರಿಂದ ಸಂದೇಶ ಬೇಗ ಓಡುತ್ತದೆ. ಎಳೆಗೆ ಬೇಕಾದ ಆಹಾರವನ್ನೂ ಅದು ಒದಗಿಸುತ್ತದೆ. ಹೊದಿಕೆ ಹೋದ ಜಾಗದಲ್ಲಿ ಎಳೆಗೆ ಕೆಲಸ ಜಾಸ್ತಿ, ಊಟ ಕಡಿಮೆ. ಹಾಗೇ ಸೊರಗುತ್ತದೆ. ಉರಿಯೂತ ಜೋರಾಗಿದ್ದ ಕಡೆ ನೇರವಾಗಿ ತುಂಡಾಗುವುದೂ ಉಂಟು.

ಪ್ಯಾರಿಸ್ಸಿನ ನರರೋಗದ ಡಾಕ್ಟರು ಶಾರ್ಕೋ 1868ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಹೊದಿಕೆ ಹೋಗುತ್ತದೆ, ಎಳೆ ಬಹುಮಟ್ಟಿಗೆ ಉಳಿಯುತ್ತದೆ ಅಂತಲೇ ನಾವು ಓದಿದ್ದು. 1998ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಸಂಶೋಧಕರು ನೋಡಿದಾಗ, ಕಾಯಿಲೆ ಬಂದು ಹೆಚ್ಚು ದಿನ ಆಗದವರ ಮಿದುಳಿನಲ್ಲೂ ತುಂಡಾದ ಎಳೆಗಳು ಕಂಡವು. ಇದನ್ನು ನಿನಗೆ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ನೀನು ಹುಡುಕಿ ಓದುವವಳು. ನನ್ನಿಂದಲೇ ತಿಳಿಯಲಿ. ಮೊದಲ ದಿನದಿಂದಲೇ ಔಷಧಿ ಬೇಕು ಅಂತ ನಿನ್ನ ಡಾಕ್ಟರು ಹಟ ಹಿಡಿದಿದ್ದು ಇದಕ್ಕೇ. ಹೊದಿಕೆಯನ್ನು ಕಾಪಾಡಿದರೆ ಎಳೆ ಉಳಿಯುತ್ತದೆ.

ಇದೇ ಕಾಯಿಲೆಯ ನಿನ್ನ ಚಿಕ್ಕಮ್ಮನ ಕಥೆ ನಿನಗೆ ಗೊತ್ತು. ಆದರೆ ಒಂದು ವಿಷಯ ಯಾರೂ ಹೇಳಿರಲಾರರು.

1986ರ ನರಕ ಚತುರ್ದಶಿ. ಎಣ್ಣೆ ಹಚ್ಚಿಕೊಂಡು, ಹಂಡೆಯ ಸುಡುನೀರು ಹೊಯ್ದುಕೊಂಡು, ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. "ಅಣ್ಣ, ಕಣ್ಣು ಮಂಜಾಗಿದೆ, ಕಾಲು ನಿಲ್ತಾ ಇಲ್ಲ" ಅಂದಳು. ಅರ್ಧ ಗಂಟೆಯಲ್ಲಿ ಸರಿಹೋಯಿತು. ಸರಿಹೋಯಿತಲ್ಲ, ಅದಕ್ಕೇ ನಾನು ನಂಬಲಿಲ್ಲ. "ಹಬ್ಬದ ಕೆಲಸ ತಪ್ಪಿಸಿಕೊಳ್ಳೋಕೆ ನಾಟಕ" ಅಂದೆ. ಎಲ್ಲರ ಎದುರಿಗೆ ಅಂದೆ. ಆಮೇಲೆ ಎಷ್ಟೋ ವರ್ಷ ಅವಳು ಮೈಗೆ ಏನಾದರೂ ನನ್ನ ಹತ್ತಿರ ಹೇಳಲಿಲ್ಲ.

ದಣಿದಾಗ ಕಣ್ಣು ಮಂಜಾಗುವುದನ್ನು ಊಟ್‌ಹೋಫ್ ಅನ್ನುವ ಜರ್ಮನ್ ಕಣ್ಣಿನ ಡಾಕ್ಟರು 1890ರಲ್ಲೇ ಬರೆದಿಟ್ಟಿದ್ದರು. ದಣಿವಿನಿಂದಲೋ ಬಿಸಿನೀರಿನಿಂದಲೋ ಮೈ ಬಿಸಿಯೇರಿದರೆ, ಹೊದಿಕೆ ಕಳೆದುಕೊಂಡ ಎಳೆಯಲ್ಲಿ ಸಂದೇಶ ನಿಂತುಬಿಡುತ್ತದೆ. ತಣ್ಣಗಾದರೆ ಮತ್ತೆ ಹೊರಡುತ್ತದೆ. ಅಂದರೆ ಅವತ್ತು ಅವಳ ಎಳೆಗಳು ಇನ್ನೂ ಇದ್ದವು ಸಿಂಧು. ನನ್ನನ್ನು ಕೊರೆಯುವುದು ಅದು. ಈ ಕಾಯಿಲೆಯ ವೇಗ ತಗ್ಗಿಸುವ ಮೊದಲ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ. ಆವತ್ತು ನಂಬಿದ್ದರೂ ನನ್ನಿಂದ ಏನೂ ಉಳಿಸಲು ಆಗುತ್ತಿರಲಿಲ್ಲ. ಆದರೆ ಅವಳು ಒಬ್ಬಳೇ ಹೆದರುತ್ತಾ ಕೂರುವುದು ತಪ್ಪುತ್ತಿತ್ತು.

ಮತ್ತೆ ನಿನ್ನ ಪ್ರಶ್ನೆಗೇ ಬರುತ್ತೇನೆ. ಗೊತ್ತಾಗದ ಹಾಗೇ ಹೋಗ್ತಾ ಇದ್ದರೆ? ಹೋಗಬಹುದು. ನಿನಗೆ ಏನೂ ಅನ್ನಿಸದೆ ಇದ್ದರೂ ಎಂಆರ್‌ಐನಲ್ಲಿ ಹೊಸ ಮಚ್ಚೆ ಕಾಣಬಹುದು. ಅದಕ್ಕೇ ಚೆನ್ನಾಗಿದ್ದೀನಲ್ಲ ಅಂತ ಸ್ಕ್ಯಾನ್ ಮುಂದೂಡಬೇಡ, ಔಷಧಿ ಬಿಡಬೇಡ. ನಾನು ಡಾಕ್ಟರಲ್ಲ, ಹೇಳಬಾರದೇನೋ. ಆದರೂ ಹೇಳುತ್ತೇನೆ.

ಇನ್ನೊಂದು ಕಡೆಯೂ ಇದೆ. ಹೊದಿಕೆ ಹೋದ ಎಳೆ ಸುಮ್ನೆ ಕೂರುವುದಿಲ್ಲ. ತನ್ನ ಮೈಯುದ್ದಕ್ಕೂ ಸೋಡಿಯಂ ಕಣಗಳು ಒಳಬರುವ ಹೊಸ ದಾರಿಗಳನ್ನು ತೆರೆದುಕೊಂಡು, ನಿಧಾನವಾಗಿಯಾದರೂ ಸಂದೇಶ ಸಾಗಿಸುತ್ತದೆ. ಎಷ್ಟೋ ಕಡೆ ಹೊಸ ಹೊದಿಕೆ ಬರುತ್ತದೆ, ಮೊದಲಿನದಕ್ಕಿಂತ ತೆಳ್ಳಗೆ. ಕೆಲವು ಎಳೆ ಹೋದರೂ ಪಕ್ಕದ ದಾರಿಗಳು ಸ್ವಲ್ಪ ಕೆಲಸ ವಹಿಸಿಕೊಳ್ಳುತ್ತವೆ. ನಿನ್ನ ಎಡಗಣ್ಣಿಗೆ ಬಣ್ಣ ಕಾಣುವ ಶಕ್ತಿ ಮರಳಿ ಬಂದಿದೆಯಲ್ಲ, ರಾತ್ರಿ ಹೆದರಿಕೆಯಾದಾಗ ಅದನ್ನು ನೆನಪಿಸಿಕೋ. ಎಲ್ಲಾ ಹೋಗಿದ್ದರೆ ಅದು ಬರುತ್ತಿರಲಿಲ್ಲ.

ವಿಟಮಿನ್ ಡಿ ನೋಡಿಸಿದರಾ? ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸಿಗೆ ಕಾಯಬೇಡ, ಆಟೋ ಹಿಡಿ. 2016ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಈ ಕಾಯಿಲೆಯೂ ಇದೆ. ಆಫೀಸಿನಲ್ಲಿ ಎಂದಾದರೂ ಬೇಕಾದೀತು ಅಂತ ಬರೆದೆ, ತಪ್ಪು ತಿಳಿಯಬೇಡ.

ಸಂಜೆ ಕಾಲು ಭಾರ ಅನ್ನಿಸಿದರೆ, ಬೆಳಗ್ಗೆ ಸರಿಹೋದರೂ, ನನಗೆ ಫೋನ್ ಮಾಡಿ ಹೇಳು. ಎಷ್ಟು ಸಲ ಹೇಳಿದರೂ ಕೇಳುತ್ತೇನೆ.

ದೀಪಾವಳಿಗೆ ಬಾ. ಈ ಸಲ ಹಂಡೆಗೆ ಬೆಂಕಿ ಹಾಕುವುದು ನಾನೇ. ನಿನಗೂ ಚಿಕ್ಕಮ್ಮನಿಗೂ ಬೇರೆ ಎರಡು ಬಕೆಟ್‌ನಲ್ಲಿ ಉಗುರುಬೆಚ್ಚಗಿನ ನೀರು ತೋಡಿಟ್ಟಿರುತ್ತೇನೆ.

ಇತಿ,
ನಿನ್ನ ಮಾವ